ಪಕ್ಷಿಧಾಮಗಳ ಹಿಂದಿನ ಮುಂಬಯಿಕರ: ಡಾ. ಸಲೀಂ ಅಲಿ

ರಜೆಯಲ್ಲಿ ಊರಿಗೆ ಹೋದ ಮುಂಬಯಿಯ ಕನ್ನಡ ಕುಟುಂಬಗಳು ಮೈಸೂರಿನ ದಾರಿಯಲ್ಲಿ ರಂಗನತಿಟ್ಟಿಗೂ ಹೋಗಿಬರುವುದುಂಟು. ಕಾವೇರಿಯ ನಡುಗಡ್ಡೆಗಳ ಸುತ್ತ ದೋಣಿಯಲ್ಲಿ ಸಾಗುತ್ತ ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಕೊಕ್ಕರೆಗಳ ಛಾಯಾಚಿತ್ರ ತೆಗೆಯುವವರಲ್ಲಿ, ಆ ತಾಣ ಪಕ್ಷಿಧಾಮವಾದುದರ ಹಿಂದೆ ಮುಂಬಯಿಯವರೇ ಆದ ಒಬ್ಬರ ಸಲಹೆಯಿತ್ತೆಂಬುದನ್ನು ಬಲ್ಲವರು ಎಷ್ಟು ಮಂದಿಯೋ! ಅವರೇ ಡಾ. ಸಲೀಂ ಅಲಿ.

1896ರ ನವೆಂಬರ್ 12ರಂದು ಜನಿಸಿದ ಸಲೀಂ ಅಲಿ ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಖೇತವಾಡಿಯಲ್ಲಿ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರ ಆಶ್ರಯದಲ್ಲಿ ಬೆಳೆದರು. ಮಾವನಿಗೆ ಬೇಟೆಯ ಹವ್ಯಾಸ. ಹುಡುಗನ ಕೈಗೂ ಏರ್‌ಗನ್ ಬಂತು. ಒಮ್ಮೆ ಹೊಡೆದುರುಳಿಸಿದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಅದೇನೆಂದು ತಿಳಿಯಲು ಮಾವ ಅವರನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಕಾರ್ಯದರ್ಶಿ ಮಿಲ್ಲರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಅಲ್ಲಿದ್ದ ಪಕ್ಷಿಗಳ ಸಂಗ್ರಹವನ್ನೆಲ್ಲ ತೆರೆದು ತೋರಿಸಿದರು. ಆ ಬಾಲಕನ ಜೀವನದ ದಿಕ್ಕು ಅಂದೇ ನಿಶ್ಚಯವಾಯಿತೆನ್ನಬೇಕು.

ಉದ್ಯೋಗದಲ್ಲಿ ಮಾತ್ರ ಅದೃಷ್ಟ ಒಲಿಯಲಿಲ್ಲ. ಬರ್ಮಾದಲ್ಲಿ ಮನೆತನದ ವ್ಯಾಪಾರ ಕೈಹಿಡಿಯಲಿಲ್ಲ. ಪದವಿಯಿಲ್ಲದ ಕಾರಣ ಸರಕಾರಿ ಹುದ್ದೆ ತಪ್ಪಿತು. ಬರ್ಲಿನ್‌ನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಅವರ ಬಳಿ ಅಭ್ಯಾಸ ಮಾಡಿ 1930ರಲ್ಲಿ ಮರಳಿದಾಗ, ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿದ್ದ ಅವರ ಹುದ್ದೆಯೇ ರದ್ದಾಗಿತ್ತು. ಪತ್ನಿ ತೆಹ್ಮಿನಾರೊಡನೆ ಅಲಿಬಾಗ್ ಸಮೀಪದ ಕಿಹೀಮ್ ಎಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿದರು. ಆ ನಿರುದ್ಯೋಗವೇ ವರವಾಯಿತು. ಅಲ್ಲಿ ಅವರು ಗೀಜಗಗಳ ಸಂಸಾರವನ್ನು ತಾಳ್ಮೆಯಿಂದ ಗಮನಿಸತೊಡಗಿದರು. ಗಂಡು ಅರ್ಧ ಗೂಡು ಹೆಣೆದು ಕಾಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರಷ್ಟೇ ಗೂಡು ಪೂರ್ಣವಾಗುತ್ತದೆ. ಅನಂತರ ಆ ಮಹಾಶಯ ಮತ್ತೊಂದು ಹೆಣ್ಣಿಗಾಗಿ ಮತ್ತೊಂದು ಗೂಡಿಗೆ ಕೈಹಾಕುತ್ತಾನೆ! ಈ ಅಧ್ಯಯನ ಅವರಿಗೆ ವಿದ್ವಾಂಸರ ಮನ್ನಣೆ ತಂದಿತು.

ಮುಂದೆ ಖರ್ಚನ್ನಷ್ಟೇ ಪಡೆದು, ಸಂಬಳವಿಲ್ಲದೆ, ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಮುಂತಾದ ಸಂಸ್ಥಾನಗಳ ಪಕ್ಷಿ ಸಮೀಕ್ಷೆ ಕೈಗೊಂಡರು. ಶಿಬಿರಗಳಲ್ಲಿ ತೆಹ್ಮಿನಾ ಜೊತೆಗಿದ್ದರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ಬಳಿಕ ಆಕೆ ತೀರಿಕೊಂಡರು. ಮಕ್ಕಳಿರಲಿಲ್ಲ, ಅವರು ಮತ್ತೆ ಮದುವೆಯಾಗಲಿಲ್ಲ. ಆ ದುಃಖ ಹಸಿಯಾಗಿರುವಾಗಲೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಬಂದರು. ಶ್ರೀರಂಗಪಟ್ಟಣದ ಬಳಿ ನದಿಯ ನಡುಗಡ್ಡೆಗಳಲ್ಲಿ ನೀರುಹಕ್ಕಿಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಕಂಡು, ಈ ಸ್ಥಳಕ್ಕೆ ರಕ್ಷಣೆ ನೀಡಬೇಕೆಂದು ಅರಸರಿಗೆ ಸಲಹೆಯಿತ್ತರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಮರುವರ್ಷವೇ ಭಾರತದ ಹಕ್ಕಿಗಳನ್ನು ಕುರಿತ ಅವರ ಸುಪ್ರಸಿದ್ಧ ಕೈಪಿಡಿ ಪ್ರಕಟವಾಯಿತು.

ಸಲೀಂ ಅಲಿಯವರನ್ನು ಇರುವೆಯನ್ನೂ ನೋಯಿಸದ ಸಂತರಂತೆ ಚಿತ್ರಿಸುವುದು ಸರಿಯಲ್ಲ. ಸಮೀಕ್ಷೆಯ ಮಾದರಿಗಳಿಗಾಗಿ ಅವರು ಹಕ್ಕಿಗಳನ್ನು ಹೊಡೆಯುತ್ತಲೇ ಇದ್ದರು. ಅಂದಿನ ವಿಜ್ಞಾನಕ್ಕೆ ಅದು ಅಗತ್ಯವೆಂದೇ ಅವರ ನಿಲುವು. ಆದರೆ ದುರ್ಬೀನು, ಕ್ಯಾಮರಾಗಳ ಬೆಲೆಯನ್ನೂ ಬಲ್ಲವರಾಗಿದ್ದರು. ಯುದ್ಧಕಾಲದಲ್ಲಿ ಸಿಂಗಾಪುರದಿಂದ ಪಾರಾಗಿ ಬಂದ ಧನಿಕ ಲೋಕ್ ವಾನ್ ಥೋ ಅವರ ಸಂಗಡದಲ್ಲಿ ಹಕ್ಕಿಗಳ ಛಾಯಾಗ್ರಹಣದಲ್ಲಿ ಪಳಗಿದರು. ಮುಂದೆ ಸಲೀಂ ಅಲಿಯವರ ಎಷ್ಟೋ ಪ್ರವಾಸಗಳಿಗೆ ನೆರವಾದರು.

ರಾಜಸ್ಥಾನದ ಭರತಪುರದ ಕಥೆ ಇನ್ನೂ ಗಂಭೀರವಾದುದು. ಅದು ಅಲ್ಲಿಯ ಮಹಾರಾಜರ ಬೇಟೆಯ ತಾಣ. 1938ರ ನವೆಂಬರ್ 12ರಂದು, ಅಂದರೆ ಸಲೀಂ ಅಲಿಯವರ 42ನೆಯ ಹುಟ್ಟುಹಬ್ಬದಂದೇ, ವೈಸ್‌ರಾಯ್ ಲಿನ್‌ಲಿತ್‌ಗೋ ಅವರ ತಂಡ ಅಲ್ಲಿ 4,273 ಹಕ್ಕಿಗಳನ್ನು ಕೊಂದಿತ್ತು. ಆ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಸ್ವಾತಂತ್ರ್ಯಾನಂತರ ಆ ಜೌಗುಭೂಮಿಯನ್ನು ಬೇಸಾಯಕ್ಕೆ ಬಿಡಬೇಕೆಂಬ ಒತ್ತಾಯ ಬಂದಾಗ ಸಲೀಂ ಅಲಿ ಪ್ರಧಾನಿ ನೆಹರೂ ಅವರವರೆಗೂ ಹೋಗಿ ಅದನ್ನು ಉಳಿಸಿದರು. 1956ರಲ್ಲಿ ಅದು ಪಕ್ಷಿಧಾಮವೆನಿಸಿತು. 1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ದನ, ಎಮ್ಮೆಗಳ ಮೇಯುವಿಕೆಯನ್ನು ನಿಷೇಧಿಸಲಾಯಿತು. ಸಲೀಂ ಅಲಿಯವರ ಒಲವೂ ಅತ್ತಲೇ ಇತ್ತು. ಊರವರು ಪ್ರತಿಭಟಿಸಿದರು, 1982ರಲ್ಲಿ ಪೊಲೀಸರ ಗೋಲಿಬಾರಿಗೆ ಹಲವರು ಬಲಿಯಾದರು. ಆದರೆ ಎಮ್ಮೆಗಳಿಲ್ಲದೆ ಹುಲ್ಲು ಬೆಳೆದು ನೀರನ್ನು ಮುಚ್ಚಿತು, ಅದರಿಂದ ನೀರುಹಕ್ಕಿಗಳಿಗೇ ತೊಂದರೆಯಾಯಿತು ಎಂದು ತೋರಿಸಿಕೊಟ್ಟದ್ದು ಬೇರಾರೂ ಅಲ್ಲ, ಅವರದೇ ಸೊಸೈಟಿ ಆ ದಶಕದುದ್ದಕ್ಕೂ ನಡೆಸಿದ ಅಧ್ಯಯನ.

ಡಿಲ್ಲನ್ ರಿಪ್ಲಿಯವರೊಡನೆ ರಚಿಸಿದ ಹತ್ತು ಸಂಪುಟಗಳ ಗ್ರಂಥ, 1976ರ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಯ ನಾಮನಿರ್ದೇಶನ ಇವೆಲ್ಲ ಸರ್ವವಿದಿತ. ಭರತಪುರದ ಆ ಅಧ್ಯಯನ ಮುಗಿಯುವ ಮುನ್ನವೇ, 1987ರ ಜೂನ್ 20ರಂದು, ತಮ್ಮ 90ನೆಯ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ನಿಧನರಾದರು.