ಲಾರ್ಡ್ ರಾಗ್ಲನ್

ಲಾರ್ಡ್ ರಾಗ್ಲನ್ ಎಂದು ಪ್ರಸಿದ್ಧರಾದ ಫಿಟ್ಜ್‌ರಾಯ್ ಜೇಮ್ಸ್ ಹೆನ್ರಿ ಸಾಮರ್ಸೆಟ್ (ಸೆಪ್ಟೆಂಬರ್ 30, 1788 – ಜೂನ್ 28, 1855) ಬ್ರಿಟನ್ನಿನ ಕುಲೀನ ಮನೆತನಕ್ಕೆ ಸೇರಿದ ಸೇನಾಧಿಕಾರಿ. ಜೀವನದ ಬಹುಭಾಗವನ್ನು ವೆಲ್ಲಿಂಗ್ಟನ್ ಡ್ಯೂಕರ ಆಪ್ತ ಸಹಾಯಕರಾಗಿ ಕಳೆದ ಇವರು, 1854ರಲ್ಲಿ ಕ್ರಿಮಿಯಾ ಯುದ್ಧಕ್ಕೆ ತೆರಳಿದ ಬ್ರಿಟಿಷ್ ಸೇನೆಯ ದಂಡನಾಯಕರಾದರು. ಆ ಯುದ್ಧದಲ್ಲಿ ಸೈನಿಕರು ಪಟ್ಟ ಪಾಡಿನ ಹೊಣೆ ಬಹುಮಟ್ಟಿಗೆ ಇವರ ಹೆಸರಿಗೆ ಅಂಟಿಕೊಂಡಿತು.

ಜನನ ಮತ್ತು ಮನೆತನ

ಐದನೆಯ ಬ್ಯೂಫರ್ಟ್ ಡ್ಯೂಕ್ ಹೆನ್ರಿ ಸಾಮರ್ಸೆಟ್ ಮತ್ತು ಎಲಿಜಬೆತ್ ದಂಪತಿಗಳ ಕಿರಿಯ ಮಗನಾಗಿ, ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನ ಬ್ಯಾಡ್ಮಿಂಟನ್ ಅರಮನೆಯಲ್ಲಿ ಜನಿಸಿದರು. ತಾಯಿ ನೌಕಾಸೇನಾಪತಿ ಎಡ್ವರ್ಡ್ ಬಾಸ್ಕವೆನ್ ಅವರ ಮಗಳು. ಮನೆತನದ ಪದವಿ ಮತ್ತು ಆಸ್ತಿ ಹಿರಿಯ ಮಗನಿಗೆ ಸಲ್ಲುತ್ತಿದ್ದುದರಿಂದ, ಕಿರಿಯ ಮಕ್ಕಳು ಸೇನೆಯನ್ನೋ ಸರ್ಕಾರಿ ಸೇವೆಯನ್ನೋ ಆಶ್ರಯಿಸುವುದು ಅಂದಿನ ರೂಢಿಯಾಗಿತ್ತು. ಅಣ್ಣ ಲಾರ್ಡ್ ಎಡ್ವರ್ಡ್ ಅಶ್ವದಳದ ಸೇನಾನಿಯಾದರು. ಇನ್ನೊಬ್ಬ ಅಣ್ಣ ಲಾರ್ಡ್ ಚಾರ್ಲ್ಸ್ ದಕ್ಷಿಣ ಆಫ್ರಿಕಾದ ಕೇಪ್ ವಸಾಹತಿನ ಗವರ್ನರ್ ಆದರು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿದ ಫಿಟ್ಜ್‌ರಾಯ್ 1804ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿಯೇ ಅಶ್ವದಳವನ್ನು ಸೇರಿದರು.

ವೆಲ್ಲಿಂಗ್ಟನ್ ಅವರೊಡನೆ

ಶ್ರೀರಂಗಪಟ್ಟಣದ ಪತನಾನಂತರ ಅಲ್ಲಿನ ಆಡಳಿತ ನೋಡಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿ, 1808ರಲ್ಲಿ ನೆಪೋಲಿಯನ್ನನ ಸೇನೆಯ ವಿರುದ್ಧ ಪೋರ್ಚುಗಲ್‌ಗೆ ದಂಡೆತ್ತಿ ಹೋದಾಗ ಫಿಟ್ಜ್‌ರಾಯ್ ಅವರ ಅಂಗರಕ್ಷಕ ಅಧಿಕಾರಿಯಾಗಿ ಜೊತೆಗೂಡಿದರು. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಎನಿಸಿದ ವೆಲ್ಲೆಸ್ಲಿಯವರಿಗೆ ಈ ತರುಣನ ಮೇಲೆ ಅಪಾರ ವಿಶ್ವಾಸವಿತ್ತು. ಶೀಘ್ರದಲ್ಲೇ ಇವರು ಡ್ಯೂಕರ ಸೇನಾ ಕಾರ್ಯದರ್ಶಿಯಾದರು. 1814ರ ಆಗಸ್ಟ್ 6ರಂದು ಡ್ಯೂಕರ ಅಣ್ಣನ ಮಗಳಾದ ಎಮಿಲಿ ಹ್ಯಾರಿಯೆಟ್ ಅವರನ್ನು ವಿವಾಹವಾದ್ದರಿಂದ ಈ ಬಾಂಧವ್ಯ ಇನ್ನಷ್ಟು ಗಟ್ಟಿಯಾಯಿತು.

1815ರ ಜೂನ್ 18ರ ವಾಟರ್ಲೂ ಕದನದಲ್ಲಿ ಗುಂಡೇಟಿನಿಂದ ಇವರ ಬಲಮೊಣಕೈ ನುಚ್ಚುನೂರಾಯಿತು. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ತೋಳನ್ನು ಕತ್ತರಿಸಬೇಕಾಯಿತು. ಪತ್ನಿ ಕೊಟ್ಟಿದ್ದ ಉಂಗುರ ಬೆರಳಿನಲ್ಲಿದ್ದುದರಿಂದ, ಕತ್ತರಿಸಿದ ತೋಳನ್ನು ಮರಳಿ ತರುವಂತೆ ಇವರು ಕೇಳಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ಅನಂತರ ಎಡಗೈಯಲ್ಲಿ ಬರೆಯುವುದನ್ನು ಕಲಿತು ಕೆಲಸಕ್ಕೆ ಹಿಂತಿರುಗಿದರು.

ಟ್ರೂರೊ ಕ್ಷೇತ್ರದಿಂದ ಎರಡು ಬಾರಿ ಸಂಸತ್ತಿನ ಸದಸ್ಯರಾಗಿದ್ದ ಇವರು, 1827ರಿಂದ 1852ರವರೆಗೆ ಮಹಾದಂಡನಾಯಕರ ಕಚೇರಿಯಲ್ಲಿ ಸೇನಾ ಕಾರ್ಯದರ್ಶಿಯಾಗಿದ್ದರು. 1852ರಲ್ಲಿ ವೆಲ್ಲಿಂಗ್ಟನ್ ನಿಧನರಾದಾಗ ಆ ಮಹಾದಂಡನಾಯಕ ಪದವಿ ಇವರಿಗೆ ದೊರೆಯದೆ ಹಾರ್ಡಿಂಜ್ ಅವರಿಗೆ ಹೋಯಿತು. ಇವರು ಶಸ್ತ್ರಾಗಾರ ಇಲಾಖೆಯ ಮುಖ್ಯಸ್ಥರಾಗಿ, ಬ್ಯಾರನ್ ರಾಗ್ಲನ್ ಎಂಬ ಬಿರುದನ್ನು ಪಡೆದರು.

ಕ್ರಿಮಿಯಾ ಯುದ್ಧ

1854ರಲ್ಲಿ ಫ್ರಾನ್ಸ್ ಮತ್ತು ತುರ್ಕಿಯ ಜೊತೆಗೂಡಿ ಬ್ರಿಟನ್ ರಷ್ಯಾದ ಮೇಲೆ ಯುದ್ಧ ಸಾರಿದಾಗ ರಾಗ್ಲನ್ ಅವರಿಗೆ 65 ವರ್ಷ. ಅದುವರೆಗೆ ರಣರಂಗದಲ್ಲಿ ಒಂದು ಪಡೆಯ ನಾಯಕತ್ವವನ್ನೂ ಸ್ವತಂತ್ರವಾಗಿ ವಹಿಸಿರಲಿಲ್ಲ. ಆದರೂ ಸೆಪ್ಟೆಂಬರ್ 20ರಂದು ಆಲ್ಮಾ ನದಿಯ ದಡದಲ್ಲಿ ಮಿತ್ರಪಡೆಗಳು ಜಯ ಸಾಧಿಸಿದವು.

ಅಕ್ಟೋಬರ್ 25ರ ಬಾಲಕ್ಲಾವಾ ಕದನದಲ್ಲಿ, ಶತ್ರುಗಳು ವಶಪಡಿಸಿಕೊಂಡ ಫಿರಂಗಿಗಳನ್ನು ಸಾಗಿಸದಂತೆ ತಡೆಯಲು ಅಶ್ವದಳಕ್ಕೆ ಇವರು ಲಿಖಿತ ಆಜ್ಞೆ ಕಳುಹಿಸಿದರು. ಎತ್ತರದ ದಿಬ್ಬದ ಮೇಲಿದ್ದ ರಾಗ್ಲನ್ ಅವರಿಗೆ ಕಾಣುತ್ತಿದ್ದ ಆ ಫಿರಂಗಿಗಳು ಕಣಿವೆಯಲ್ಲಿದ್ದ ಲಾರ್ಡ್ ಲೂಕನ್ ಅವರಿಗೆ ಕಾಣುತ್ತಿರಲಿಲ್ಲ. ಆಜ್ಞೆಯಲ್ಲಿ ಯಾವ ಫಿರಂಗಿಗಳೆಂಬುದು ಸ್ಪಷ್ಟವಿರಲಿಲ್ಲ. ಅದನ್ನು ತಂದ ಕ್ಯಾಪ್ಟನ್ ನೋಲನ್ ಅವರಿಂದಲೂ ಗೊಂದಲ ಬಗೆಹರಿಯಲಿಲ್ಲ. ಪರಿಣಾಮವಾಗಿ ಲಾರ್ಡ್ ಕಾರ್ಡಿಗನ್ ನೇತೃತ್ವದ ಸುಮಾರು 670 ಸವಾರರ ಲಘು ಅಶ್ವದಳ, ಕಣಿವೆಯ ತುದಿಯಲ್ಲಿದ್ದ ರಷ್ಯನ್ ಫಿರಂಗಿಗಳತ್ತ ನೇರವಾಗಿ ನುಗ್ಗಿ ನೂರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ನೋಲನ್ ಅಲ್ಲಿಯೇ ಮಡಿದರು. ತಪ್ಪು ಯಾರದೆಂಬ ಚರ್ಚೆ ಇಂದಿಗೂ ನಡೆದಿದೆ.

ನವೆಂಬರ್ 5ರ ಇಂಕರ್‌ಮನ್ ಕದನದ ಬಳಿಕ ಇವರಿಗೆ ಫೀಲ್ಡ್ ಮಾರ್ಷಲ್ ಪದವಿ ದೊರೆಯಿತು. ಆದರೆ ನವೆಂಬರ್ 14ರ ಬಿರುಗಾಳಿಗೆ ಸಿಲುಕಿ, ಚಳಿಗಾಲದ ಉಡುಪುಗಳನ್ನು ಹೊತ್ತು ತಂದಿದ್ದ ಹಡಗು ಮುಳುಗಿತು. ಬಂದರಿನಿಂದ ಶಿಬಿರಕ್ಕೆ ಹೋಗುವ ದಾರಿ ಕೆಸರಾಗಿ ಆಹಾರವೂ ತಲುಪದಾಯಿತು. ಗುಂಡಿಗಿಂತ ಹೆಚ್ಚು ಸೈನಿಕರು ಚಳಿ, ಕಾಲರಾ ಮತ್ತು ಅತಿಸಾರಕ್ಕೆ ಬಲಿಯಾದರು. ವಿಲಿಯಂ ಹೊವಾರ್ಡ್ ರಸೆಲ್ ಅವರ ವರದಿಗಳಿಂದ ಬ್ರಿಟನ್ನಿನ ಜನ ಕೆರಳಿದರು. 1855ರ ಆರಂಭದಲ್ಲಿ ಅಬರ್ಡೀನ್ ಸರ್ಕಾರ ಉರುಳಿತು. ಆಹಾರ ಸರಬರಾಜು ಖಜಾನೆ ಇಲಾಖೆಗೆ ಸೇರಿದ್ದು, ದಂಡನಾಯಕರ ಪೂರ್ಣ ಅಧಿಕಾರಕ್ಕೆ ಒಳಪಟ್ಟಿರಲಿಲ್ಲ. ಆದರೂ ಟೀಕೆಯ ಬಹುಪಾಲನ್ನು ರಾಗ್ಲನ್ ಎದುರಿಸಬೇಕಾಯಿತು.

ನಿಧನ ಮತ್ತು ಕುಟುಂಬ

1855ರ ಜೂನ್ 18ರಂದು, ವಾಟರ್ಲೂ ಕದನಕ್ಕೆ ನಲವತ್ತು ವರ್ಷ ತುಂಬಿದ ದಿನವೇ, ಸೆವಾಸ್ಟೊಪೋಲ್ ಕೋಟೆಯ ಮೇಲಿನ ದಾಳಿ ವಿಫಲವಾಯಿತು. ಮನನೊಂದು ಕಾಯಿಲೆ ಬಿದ್ದ ರಾಗ್ಲನ್ ಹತ್ತು ದಿನಗಳಲ್ಲಿ ಶಿಬಿರದಲ್ಲಿಯೇ ಕೊನೆಯುಸಿರೆಳೆದರು. ಪಾರ್ಥಿವ ಶರೀರವನ್ನು ಹಡಗಿನಲ್ಲಿ ಸ್ವದೇಶಕ್ಕೆ ತಂದು ಬ್ಯಾಡ್ಮಿಂಟನ್‌ನಲ್ಲಿ ಸಮಾಧಿ ಮಾಡಲಾಯಿತು. ಸೆವಾಸ್ಟೊಪೋಲ್ ಸೆಪ್ಟೆಂಬರಿನಲ್ಲಿ ಮಿತ್ರಪಡೆಗಳ ವಶವಾಯಿತು.

ಹಿರಿಯ ಮಗ ಆರ್ಥರ್ 1845ರ ಡಿಸೆಂಬರಿನಲ್ಲಿ ಪಂಜಾಬಿನ ಫಿರೋಜ್‌ಶಾ ಕದನದಲ್ಲಿ ಸಿಖ್ಖರ ವಿರುದ್ಧ ಹೋರಾಡಿ, ತೀವ್ರ ಗಾಯದಿಂದ ಮೃತಪಟ್ಟಿದ್ದರು. ಆದ್ದರಿಂದ ಬ್ಯಾರನ್ ಪದವಿ ಎರಡನೆಯ ಮಗ ರಿಚರ್ಡ್ ಅವರಿಗೆ ಸಂದಿತು. ರಾಗ್ಲನ್ ಅವರ ಮಿತ್ರರು ಮತ್ತು ಸಹಯೋಧರು ಹಣ ಕೂಡಿಸಿ, ವೇಲ್ಸ್‌ನ ಮನ್ಮತ್‌ಷೈರಿನ ಕೆವ್ನ್‌ಟಿಲ್ಲಾ ಮನೆಯನ್ನು ಅವರ ಸ್ಮರಣಾರ್ಥ ಕುಟುಂಬಕ್ಕೆ ಅರ್ಪಿಸಿದರು. ಕೊರಳಿನಿಂದ ಕಂಕುಳವರೆಗೆ ಓರೆ ಹೊಲಿಗೆಯಿರುವ ರಾಗ್ಲನ್ ತೋಳಿನ ಉಡುಪಿಗೆ ಇವರಿಂದಲೇ ಆ ಹೆಸರು ಬಂದಿದೆ.