ಶ್ರೀಮತಿ ಸೋಫಿಯಾ ಟಾಲ್‌ಸ್ಟಾಯ್ ಅವರ ಚರಿತ್ರೆ

ವಿಜಯಪುರ ಜಿಲ್ಲೆಯ ತಿಕೋಟಾ ತಾಲೂಕಿಗೆ ಸೇರಿದ ಕಳ್ಳಕವಟಗಿ ಗ್ರಾಮದಲ್ಲಿ ಕಳೆದ ಬೇಸಗೆಯನ್ನು ಕಳೆಯುವ ಯೋಗವು ನಮಗೆ ಒದಗಿತ್ತು. ಜೋಳದ ರಾಶಿ ಮುಗಿದು, ದ್ರಾಕ್ಷಿಯನ್ನು ಒಣಗಿಸುವ ಕೆಲಸವು ನಡೆದಿದ್ದ ದಿನಗಳವು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೊರಡುವಂತಿರಲಿಲ್ಲವಾದುದರಿಂದ, ಬಾಲ್ಯದಲ್ಲಿ ಓದಿ ಮೆಚ್ಚಿದ್ದ ಒಂದು ಗ್ರಂಥವನ್ನು ಮರಳಿ ಕೈಗೆತ್ತಿಕೊಂಡೆವು. ಅದು ರಷ್ಯ ದೇಶದ ಲಿಯೋ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಎಂಬ ಮಹಾ ಕಾದಂಬರಿ, ದೇ. ಜವರೇಗೌಡರು ಅದನ್ನು ಕನ್ನಡಿಸಿ ನಮ್ಮವರಿಗೆ ದೊಡ್ಡ ಉಪಕಾರವನ್ನು ಮಾಡಿರುವರು. ಓದು ಮುಗಿದ ಮೇಲೆ, ಸೆರ್ಗೆಯ್ ಬೊಂಡಾರ್ಚುಕ್ ಎಂಬವರು 1966–67ರಲ್ಲಿ ಹೊರತಂದ ಅದರ ಚಲಚ್ಚಿತ್ರದ ನಾಲ್ಕು ಭಾಗಗಳನ್ನೂ ನಾಲ್ಕು ರಾತ್ರಿ ಮನೆಯಲ್ಲಿಯೇ ಕುಳಿತು ನೋಡಿದೆವು.

ಹುಡುಗಿಯರಾಗಿದ್ದಾಗ ನಾವು ಈ ಗ್ರಂಥವನ್ನು ಓದಿದುದು ನಟಾಷಾ ಎಂಬ ಕನ್ನಿಕೆಗೋಸ್ಕರ. ಯುದ್ಧದ ಅಧ್ಯಾಯಗಳನ್ನು ದಾಟಿಸಿ, ಅವಳು ಮೊದಲ ನೃತ್ಯಕೂಟಕ್ಕೆ ಹೋಗುವ ಪುಟಗಳಿಗೆ ಧಾವಿಸುತ್ತಿದ್ದೆವು. ಕೊನೆಯಲ್ಲಿ ಆ ಚಪಲೆಯು ನಾಲ್ಕು ಮಕ್ಕಳ ತಾಯಾಗಿ, ಹಾಡನ್ನು ಬಿಟ್ಟು, ಕೂಸಿನ ಬಟ್ಟೆಯ ಕಲೆಯನ್ನು ನೋಡಿ ಅದರ ಹೊಟ್ಟೆನೋವು ವಾಸಿಯಾಯಿತೆಂದು ಹಿಗ್ಗುವ ಗೃಹಿಣಿಯಾದುದನ್ನು ಕಂಡು ಬೇಸರಪಟ್ಟಿದ್ದೆವು. ಈ ಸಲ ಆ ಪುಟಗಳೇ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದುವು. ಚಲಚ್ಚಿತ್ರವಾದರೋ ಸುಮಾರು ಏಳು ಗಂಟೆಗಳಷ್ಟು ದೀರ್ಘವಾದುದು. ಬೊರೊಡಿನೊ ರಣರಂಗ, ಮಾಸ್ಕೋ ನಗರದ ದಹನ, ನಟಾಷಾಳ ನೃತ್ಯ ಎಲ್ಲವೂ ಅದರಲ್ಲಿ ಕಣ್ಣಿಗೆ ಹಬ್ಬವಾಗಿವೆ. 1969ರಲ್ಲಿ ಅದಕ್ಕೆ ಅಮೇರಿಕೆಯ ಆಸ್ಕರ್ ಪಾರಿತೋಷಕವೂ ದೊರೆಯಿತು. ಆದರೆ ಆ ಗೃಹಕೃತ್ಯದ ಅಧ್ಯಾಯಗಳು ಮಾತ್ರ ಅದರಲ್ಲಿ ಇಲ್ಲ. ತೆರೆಯ ಮೇಲೆ ಕಾಣದೆ ಹೋದ ಆ ಸಂಸಾರವು ಕವಿಗೆ ದೊರೆತುದು ಎಲ್ಲಿಂದ ಎಂದು ವಿಚಾರಿಸಹೋದಾಗ, ಅವರ ಧರ್ಮಪತ್ನಿಯ ಚರಿತ್ರೆಯು ನಮ್ಮೆದುರಿಗೆ ಬಂದು ನಿಂತಿತು. ಅದನ್ನೇ ಇಲ್ಲಿ ಸಂಗ್ರಹವಾಗಿ ಅರಿಕೆ ಮಾಡಿಕೊಳ್ಳುತ್ತೇವೆ.

ಸೋಫಿಯಾ ಆಂದ್ರೆಯೆವ್ನಾ ಅವರು 1844ನೆಯ ಇಸವಿಯಲ್ಲಿ ಜನಿಸಿದರು. ತಂದೆ ಆಂದ್ರೆಯ್ ಬೆರ್ಸ್ ಅವರು ಅರಮನೆಯ ವೈದ್ಯರಾಗಿದ್ದುದರಿಂದ ಮಾಸ್ಕೋದ ಕ್ರೆಮ್ಲಿನ್ ಕೋಟೆಯೊಳಗೆ ಅವರ ಬಿಡಾರವಿತ್ತು. ಲೀಸಾ, ಸೋಫಿಯಾ, ತಾನ್ಯಾ ಎಂಬ ಮೂವರು ಅಕ್ಕತಂಗಿಯರೂ ಮನೆಯಲ್ಲಿಯೇ ವಿದ್ಯೆ ಕಲಿತರು. 1861ರಲ್ಲಿ ಸೋಫಿಯಾ ಅವರು ಮಾಸ್ಕೋ ವಿಶ್ವವಿದ್ಯಾಲಯದ ಪರೀಕ್ಷೆಗೆ ಕುಳಿತು, ಗೃಹಶಿಕ್ಷಕಿಯ ಪ್ರಮಾಣಪತ್ರವನ್ನು ಸಂಪಾದಿಸಿದರು. ತರುಣಿಯಾಗಿದ್ದಾಗಲೇ ಒಂದು ಕಥೆಯನ್ನೂ ಬರೆದಿದ್ದರು. ಟಾಲ್‌ಸ್ಟಾಯ್ ಅವರು ಅದನ್ನು ಓದಿದ್ದರು. ಆದರೆ ವಿವಾಹಕ್ಕೆ ಮುಂಚೆ ಸೋಫಿಯಾ ಅವರು ಆ ಹಸ್ತಪ್ರತಿಯನ್ನು ತಾವೇ ಬೆಂಕಿಗೆ ಹಾಕಿದರು.

1862ರಲ್ಲಿ ವಿವಾಹವು ಜರುಗಿತು. ವಧುವಿಗೆ 18 ವರ್ಷ, ವರನಿಗೆ 34 ವರ್ಷ. ವಿವಾಹ ನಿಶ್ಚಯವಾದ ಬಳಿಕ ಟಾಲ್‌ಸ್ಟಾಯ್ ಅವರು ತಮ್ಮ ಯೌವನದ ದೋಷಗಳನ್ನೆಲ್ಲ ಬರೆದಿಟ್ಟಿದ್ದ ದಿನಚರಿಯನ್ನು ಆ ಮುಗ್ಧೆಯ ಕೈಗಿತ್ತರು. ಸತ್ಯವನ್ನು ಮರೆಮಾಚಬಾರದೆಂಬುದು ಅವರ ಉದ್ದೇಶವಾಗಿದ್ದಿರಬೇಕು. ಆದರೆ ಅದನ್ನೋದಿದ ಗಾಯವು ಆಕೆಯ ಮನಸ್ಸಿನಲ್ಲಿ ಕೊನೆಯವರೆಗೂ ಮಾಯಲಿಲ್ಲ. ಪಟ್ಟಣದಲ್ಲಿ ಬೆಳೆದ ಆ ಬಾಲೆಯು ತೂಲಾ ಪಟ್ಟಣದ ಬಳಿಯ ಯಾಸ್ನಾಯಾ ಪೊಲ್ಯಾನಾ ಎಂಬ ಹಳ್ಳಿಯ ಜಮೀನುದಾರಿಕೆಯನ್ನು ವಹಿಸಿಕೊಂಡು, ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

‘ಯುದ್ಧ ಮತ್ತು ಶಾಂತಿ’ಯ ರಚನೆಯು 1863ರಲ್ಲಿ ಮೊದಲಾಗಿ 1869ರಲ್ಲಿ ಮುಗಿಯಿತು. ಅದೇ ಅವಧಿಯಲ್ಲಿ ಈ ತಾಯಿಯು ಸೆರ್ಗೆಯ್, ತಾತ್ಯಾನಾ, ಇಲ್ಯಾ, ಲೇವ್ ಎಂಬ ನಾಲ್ಕು ಮಕ್ಕಳನ್ನು ಹೆತ್ತರು. ಮಕ್ಕಳು ಮಲಗಿದ ಮೇಲೆ ದೀಪದ ಮುಂದೆ ಕುಳಿತು ಪತಿಯ ಬರಹವನ್ನು ಶುದ್ಧಪ್ರತಿ ಮಾಡುವುದು ಆಕೆಯ ನಿತ್ಯವ್ರತವಾಗಿತ್ತು. ಆ ಅಕ್ಷರಗಳು ಅತಿ ಸಣ್ಣವು. ಸಾಲಿನ ಮೇಲೆ ಸಾಲು, ಅಂಚಿನಲ್ಲಿ ತಿದ್ದುಪಾಟು. ಆಕೆಯ ಹೊರತು ಬೇರೆ ಯಾರಿಗೂ ಅವು ಸುಲಭವಾಗಿ ತಿಳಿಯುತ್ತಿರಲಿಲ್ಲ. ಮುಂಜಾನೆ ಪತಿಯು ಆ ಶುದ್ಧಪ್ರತಿಯನ್ನು ತೆಗೆದುಕೊಂಡು ಮತ್ತೆ ಗೀಚಿ ತಿದ್ದುವರು. ರಾತ್ರಿ ಪತ್ನಿಯು ಮತ್ತೆ ಮೊದಲಿನಿಂದ ಬರೆಯುವರು. ಇಡೀ ಗ್ರಂಥವನ್ನು ಏಳು ಸಲ ಬರೆದರೆಂಬ ಪ್ರತೀತಿಯುಂಟು. ನಟಾಷಾಳ ಪಾತ್ರದಲ್ಲಿ ತಂಗಿ ತಾನ್ಯಾಳ ಉಲ್ಲಾಸವೂ ಸೋಫಿಯಾ ಅವರ ಗೃಹಿಣೀತನವೂ ಬೆರೆತಿವೆಯೆಂದು ಬಲ್ಲವರು ಹೇಳುವರು. ಹಾಗಿದ್ದರೆ ತಮ್ಮದೇ ಬಾಳಿನ ಚಿತ್ರವನ್ನು ಆಕೆಯು ಎಷ್ಟು ಸಲ ನಕಲು ಮಾಡಿರಬೇಕು!

ಆಕೆಯು ಹೆತ್ತ ಮಕ್ಕಳು ಹದಿಮೂರು. ಅವರಲ್ಲಿ ಎಂಟು ಜನ ಮಾತ್ರ ಬೆಳೆದು ದೊಡ್ಡವರಾದರು. ಇತ್ತ 1880ರ ಸುಮಾರಿಗೆ ಟಾಲ್‌ಸ್ಟಾಯ್ ಅವರ ಅಂತರಂಗದಲ್ಲಿ ಮಹತ್ತರವಾದ ಪರಿವರ್ತನೆಯುಂಟಾಯಿತು. ಸುವಾರ್ತೆಯ ಪರ್ವತಪ್ರಸಂಗವನ್ನು ಅಕ್ಷರಶಃ ಆಚರಿಸಬೇಕೆಂದು ಅವರು ಬಗೆದರು. ಆಸ್ತಿಯನ್ನು ಪಾಪವೆಂದೆಣಿಸಿ ರೈತರ ಉಡುಗೆಯನ್ನು ತೊಟ್ಟರು. ಇದು ಶ್ರೇಷ್ಠವಾದ ಆದರ್ಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮನೆಯ ಖರ್ಚು, ಮಕ್ಕಳ ವಿದ್ಯಾಭ್ಯಾಸ, ಆಳುಕಾಳುಗಳ ಸಂಬಳ ಇವೆಲ್ಲವೂ ಒಬ್ಬರ ಹೆಗಲಿಗೇ ಬಂದುವು. 1883ರಲ್ಲಿ ಪತಿಯಿಂದ ಅಧಿಕಾರಪತ್ರವನ್ನು ಪಡೆದು, ಆ ಬಳಿಕ ಸೋಫಿಯಾ ಅವರು ಪತಿಯ ಗ್ರಂಥಗಳನ್ನು ತಾವೇ ಅಚ್ಚು ಹಾಕಿಸಿ, ಕರಡು ತಿದ್ದಿ, ಮಾರಾಟ ಮಾಡಿಸಿ ಸಂಸಾರವನ್ನು ನಡೆಸಿದರು. ವಿವಾಹಜೀವನವನ್ನು ಕಟುವಾಗಿ ಖಂಡಿಸುವ ಪತಿಯ ‘ಕ್ರೂಟ್ಸರ್ ಸೊನಾಟಾ’ ಎಂಬ ಕಥೆಯು ಸರಕಾರದ ನಿಷೇಧಕ್ಕೊಳಗಾದಾಗ, ಜನರು ಅದನ್ನು ತಮ್ಮ ಮನೆಯ ಕಥೆಯೆಂದೇ ಆಡಿಕೊಳ್ಳುತ್ತಿದ್ದರೂ, 1891ರಲ್ಲಿ ಚಕ್ರವರ್ತಿ ಮೂರನೆಯ ಅಲೆಕ್ಸಾಂಡರನ ಸನ್ನಿಧಿಗೆ ತಾವೇ ಹೋಗಿ, ಗ್ರಂಥಾವಳಿಯಲ್ಲಿ ಅದನ್ನು ಮುದ್ರಿಸಲು ಅಪ್ಪಣೆಯನ್ನು ತಂದರು.

ಅದೇ ವರ್ಷ ರಷ್ಯದಲ್ಲಿ ಘೋರವಾದ ಬರವು ಬಿದ್ದಿತು. 1876–78ರ ಮಹಾಕ್ಷಾಮವನ್ನು ಕಂಡ ಹಿರಿಯರ ವಂಶದವರಾದ ನಮ್ಮ ಸೀಮೆಯ ಜನರಿಗೆ ಬರವೆಂದರೇನೆಂದು ವಿವರಿಸಬೇಕಾಗಿಲ್ಲ. ಪತಿಯೂ ಹೆಣ್ಣುಮಕ್ಕಳೂ ಹಳ್ಳಿಗಳಲ್ಲಿ ಅನ್ನಸತ್ರಗಳನ್ನು ತೆರೆದರು. ಸೋಫಿಯಾ ಅವರು ವೃತ್ತಪತ್ರಿಕೆಯಲ್ಲಿ ಬಿನ್ನಹವನ್ನು ಪ್ರಕಟಿಸಿ, ಬಂದ ದ್ರವ್ಯಕ್ಕೆಲ್ಲ ಲೆಕ್ಕವಿಟ್ಟು ಕಳುಹಿಸಿದರು. 1895ರಲ್ಲಿ ಕಿರಿಯ ಮಗ ವಾನಿಚ್ಕನು ಏಳು ವರ್ಷ ತುಂಬುವ ಮೊದಲೇ ಜ್ವರದಿಂದ ತೀರಿಕೊಂಡನು. ಆ ದುಃಖವು ಆಕೆಯ ಚಿತ್ತದ ಸ್ಥಿರತೆಯನ್ನೇ ಅಲುಗಿಸಿತು. ಆಕೆಯಲ್ಲಿ ದೋಷವೇ ಇರಲಿಲ್ಲವೆಂದು ನಾವು ಹೇಳೆವು. ಕೊನೆಯ ವರ್ಷಗಳಲ್ಲಿ ಸಂಶಯ, ಕೋಪ, ಪ್ರಾಣ ಬಿಡುವ ಬೆದರಿಕೆ ಇವುಗಳಿಂದ ಮನೆಯು ಕುದಿಯುತ್ತಿತ್ತು. ಒಬ್ಬರದೇ ತಪ್ಪೆಂದು ತೀರ್ಪು ಕೊಡುವುದು ನಮ್ಮಿಂದಾಗದು.

1910ರ ನವೆಂಬರ ತಿಂಗಳ 10ರಂದು ನಸುಕಿನಲ್ಲಿ 82 ವರ್ಷದ ವೃದ್ಧರು ಮನೆಯನ್ನು ಬಿಟ್ಟು ಹೊರಟುಹೋದರು. ದಾರಿಯಲ್ಲಿ ಜ್ವರ ಬಂದು ಅಸ್ತಾಪೊವೊ ಎಂಬ ಸಣ್ಣ ರೇಲ್ವೆ ನಿಲ್ದಾಣದ ಅಧಿಕಾರಿಯ ಮನೆಯಲ್ಲಿ ಮಲಗಿದರು. ಪತ್ನಿಯು ವಿಶೇಷ ಗಾಡಿಯನ್ನು ಗೊತ್ತುಪಡಿಸಿಕೊಂಡು ಬಂದರೂ, ರೋಗಿಯು ಉದ್ವೇಗಗೊಂಡಾರೆಂದು ಒಳಗೆ ಬಿಡಲಿಲ್ಲ. ಆ ನಿಲ್ದಾಣಕ್ಕೆ ಚಲಚ್ಚಿತ್ರ ತೆಗೆಯುವವರೂ ಬಂದಿದ್ದರು. ಕಿಟಕಿಯ ಬಳಿ ನಿಂತು ಒಳಗೆ ಇಣುಕುತ್ತಿರುವ ಆ ವೃದ್ಧೆಯ ಚಿತ್ರವು ಇಂದಿಗೂ ಉಳಿದಿದೆ. ನಟಾಷಾಳ ಚಿತ್ರವನ್ನು ಏಳು ಗಂಟೆ ನೋಡಿದ ನಮಗೆ, ಆ ಕೆಲವು ಕ್ಷಣಗಳ ಚಿತ್ರವು ಹೆಚ್ಚು ಕಾಲ ಕಣ್ಣಿನಲ್ಲಿ ನಿಂತಿತು. ನವೆಂಬರ 20ರಂದು ಪತಿಗೆ ಪ್ರಜ್ಞೆ ತಪ್ಪಿದ ಮೇಲೆಯೇ ಆಕೆಗೆ ಒಳಗೆ ಪ್ರವೇಶ ದೊರೆಯಿತು. 48 ವರ್ಷಗಳ ದಾಂಪತ್ಯವು ಹೀಗೆ ಮುಗಿಯಿತು.

ಅನಂತರ ಒಂಬತ್ತು ವರ್ಷಗಳ ಕಾಲ ಸೋಫಿಯಾ ಅವರು ಯಾಸ್ನಾಯಾ ಪೊಲ್ಯಾನಾದಲ್ಲಿಯೇ ಇದ್ದು ಪತಿಯ ಸ್ಮಾರಕವಸ್ತುಗಳನ್ನು ಕಾಪಾಡಿ, 1919ರಲ್ಲಿ 75ನೆಯ ವಯಸ್ಸಿನಲ್ಲಿ ದಿವಂಗತರಾದರು. ಟಾಲ್‌ಸ್ಟಾಯ್ ಅವರ ಸಮಾಧಿಯು ಕಾಡಿನೊಳಗಿದೆ. ಆಕೆಯದು ಸಮೀಪದ ಕೊಚಾಕಿಯ ಸ್ಮಶಾನದಲ್ಲಿ ಬೇರೆಯಾಗಿದೆ. ‘ಕ್ರೂಟ್ಸರ್ ಸೊನಾಟಾ’ಕ್ಕೆ ಉತ್ತರವಾಗಿ ಆಕೆ ಬರೆದಿದ್ದ ಕಥೆಯು 1994ರಲ್ಲಿ ಮಾತ್ರ ಅಚ್ಚಾಯಿತು. ಆಕೆಯ ವಿಸ್ತಾರವಾದ ಆತ್ಮಕಥೆಯು ಪೂರ್ಣವಾಗಿ ಬೆಳಕು ಕಂಡುದು 2010ರ ಸುಮಾರಿಗೆ. ಅಂದರೆ ಆಕೆ ಕಣ್ಮುಚ್ಚಿ ತೊಂಬತ್ತು ವರ್ಷಗಳಾದ ಮೇಲೆ.

ಪ್ರಿಯ ಸೋದರಿಯರೇ, ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದವರು. ಸಂಸಾರದ ಗಡಿಬಿಡಿಯಲ್ಲಿ ಆ ವಹಿಗಳು ಎಲ್ಲಿಯೋ ಅಟ್ಟದ ಮೇಲೆ ಸೇರಿಹೋಗಿರುವುವು. ಅವನ್ನು ಕೆಳಗಿಳಿಸಿ ಧೂಳು ಕೊಡಹಿರಿ. ಮಾನ್ಯ ಪಾಲಕರೇ, ನಿಮ್ಮ ಮಗಳು ದೀಪದ ಮುಂದೆ ಏನನ್ನಾದರೂ ಬರೆಯುತ್ತ ಕುಳಿತಿದ್ದರೆ, ಅದು ಯಾರ ಬರಹವೆಂದು ಒಮ್ಮೆ ವಿಚಾರಿಸಿರಿ. ಅವಳದೇ ಆಗಿದ್ದರೆ ಕೆಲಸಕ್ಕೆ ಕರೆಯದೆ ತುಸು ಹೊತ್ತು ಸುಮ್ಮನಿರಿ. ಈ ಚರಿತ್ರೆಯಿಂದ ಇಷ್ಟು ಫಲ ದೊರೆತರೆ ನಾವು ಧನ್ಯರು.