ಜೊಫ್ರುವಾ ಸೇಂತಿಲೇರ್ ಮತ್ತು ಕಡಲ ಮೊಸಳೆಗಳು

ಚರಿತ್ರೆಯನ್ನು ಐಚ್ಛಿಕವಾಗಿ ಓದುವವನು ಮೊಸಳೆಯ ಎಲುಬುಗಳ ಮೇಲೆ ಬರೆಯಹೊರಟದ್ದನ್ನು ಕಂಡು ಮಿತ್ರರು ನಕ್ಕಾರು. ಆದರೆ ನಾನು ಹೇಳಹೊರಟಿರುವುದು ಒಬ್ಬ ಮನುಷ್ಯನ ಕಥೆಯನ್ನು.

ಎತಿಯೆನ್ ಜೊಫ್ರುವಾ ಸೇಂತಿಲೇರ್ 1772ರಲ್ಲಿ ಫ್ರಾನ್ಸಿನ ಎತಾಂಪ್ ಎಂಬ ಊರಿನಲ್ಲಿ ಹುಟ್ಟಿದನು. ಪಾದ್ರಿಯಾಗಬೇಕಾಗಿದ್ದ ಹುಡುಗನ ಮನಸ್ಸು ಪ್ರಕೃತಿಶಾಸ್ತ್ರದ ಕಡೆಗೆ ಹರಿಯಿತು. ಮಹಾಕ್ರಾಂತಿಯ ಕೋಲಾಹಲದಲ್ಲಿ, 1792ರಲ್ಲಿ, ಸೆರೆಬಿದ್ದ ತನ್ನ ಗುರು ಹಾಯೂಯಿಯ ಬಿಡುಗಡೆಗಾಗಿ ಓಡಾಡಿದನು. ಏಣಿಯಿಟ್ಟು ಇನ್ನೂ ಕೆಲವು ಪಾದ್ರಿಗಳನ್ನು ಪಾರುಮಾಡಿದನು. ಮರುವರ್ಷವೇ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಪ್ಯಾರಿಸಿನ ಪ್ರಕೃತಿ ವಸ್ತುಸಂಗ್ರಹಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾದನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ವಯಸ್ಸನ್ನು ಓದಿದಾಗ ನನಗೆ ಬೆರಗೂ ಆಯಿತು, ತುಸು ಅಸೂಯೆಯೂ ಆಯಿತು.

ಆತನ ಔದಾರ್ಯಕ್ಕೆ ಇನ್ನೊಂದು ನಿದರ್ಶನವುಂಟು. ಹೆಸರಿಲ್ಲದ ತರುಣ ಕ್ಯುವಿಯೇಯ ಬರಹಗಳನ್ನು ಓದಿ ಮೆಚ್ಚಿ, ಅವನನ್ನು ಪ್ಯಾರಿಸಿಗೆ ಕರೆದವರಲ್ಲಿ ಈತನೂ ಒಬ್ಬ. ಇಬ್ಬರೂ ಕೂಡಿಯೇ ಪ್ರಬಂಧಗಳನ್ನು ಬರೆದರು. ಮುಂದೆ ಎದುರಾಳಿಯಾಗಿ ನಿಂತವನೂ ಆ ಕ್ಯುವಿಯೇಯೇ.

1798ರಲ್ಲಿ ನೆಪೋಲಿಯನ್ನನೊಡನೆ ಈಜಿಪ್ಟಿಗೆ ಹೋದ ಜೊಫ್ರುವಾ, ಅಲ್ಲಿಂದ ಮರಳಿದ ಮೇಲೆ ಮೊಸಳೆಯ ಮಮ್ಮಿಗಳನ್ನು ಪರಿಶೀಲಿಸಿ, ನೈಲ್ ನದಿಯಲ್ಲಿರುವುದು ಒಂದೇ ಜಾತಿಯ ಮೊಸಳೆಯಲ್ಲವೆಂದು 1807ರಲ್ಲಿ ಬರೆದನು. ಬಹುಕಾಲ ಪಂಡಿತರು ಇದನ್ನು ಒಪ್ಪಲಿಲ್ಲ. ವಂಶಾಣುಗಳ ಪರೀಕ್ಷೆಯಿಂದ 2011ರಲ್ಲಿ ಅದು ನಿಜವೆಂದು ತಿಳಿಯಿತು.

ನಾರ್ಮಂಡಿಯ ಕಾಂ ನಗರದ ಬಳಿಯ ಕಲ್ಲುಗಣಿಗಳಲ್ಲಿ ಶಿಲೆಯಾದ ಮೊಸಳೆಯಂಥ ಪ್ರಾಣಿಗಳು ದೊರೆತಿದ್ದವು. ಕಡ್ಡಿಯಂತೆ ನೀಳವಾದ ಮೂತಿ, ಸಣ್ಣ ಮುಂಗಾಲು, ಮೈಮೇಲೆ ಎಲುಬಿನ ಕವಚ. ನಮ್ಮ ಗಂಗೆಯ ಘರಿಯಾಲನ್ನು ಹೋಲುವ, ಅಳಿದುಹೋದ ಮೊಸಳೆಯೆಂದು ಕ್ಯುವಿಯೇ ತೀರ್ಮಾನಿಸಿದ್ದನು. ಜೊಫ್ರುವಾ ತಲೆಬುರುಡೆಯನ್ನೂ ಮೂಗಿನ ದಾರಿಯನ್ನೂ ಮತ್ತೆ ಪರೀಕ್ಷಿಸಿ, ಇದು ಬೇರೆಯೇ ಕುಲವೆಂದು ಸಾಧಿಸಿ, 1825ರಲ್ಲಿ ಟೆಲಿಯೊಸಾರಸ್ ಎಂದು ಹೆಸರಿಟ್ಟನು. ಅಷ್ಟಕ್ಕೆ ನಿಲ್ಲಲಿಲ್ಲ. ದೇಹದ ಒಂದು ಅಂಗ ಬೆಳೆದರೆ ಇನ್ನೊಂದು ಕುಗ್ಗುತ್ತದೆಂಬುದು ಆತನ ಸಿದ್ಧಾಂತ. ಭೂಮಿಯ ವಾಯುಮಂಡಲ ಬದಲಾದಂತೆ ಭ್ರೂಣದ ಬೆಳವಣಿಗೆಯೂ ಬದಲಾಗಿ, ಆ ಪುರಾತನ ಪ್ರಾಣಿಗಳಿಂದಲೇ ಇಂದಿನ ಮೊಸಳೆಗಳು ಬಂದಿರಬಹುದಲ್ಲವೇ ಎಂದು ಕೇಳಿದನು. ಕೋಳಿಮೊಟ್ಟೆಗಳ ಚಿಪ್ಪಿಗೆ ಮೇಣ ಬಳಿದು, ಅವನ್ನು ಅಲುಗಾಡಿಸಿ, ಮರಿಯ ಅಂಗಗಳು ಹೇಗೆ ವಿಕಾರಗೊಳ್ಳುತ್ತವೆಂದು ನೋಡಿದನು. ಡಾರ್ವಿನ್ನನ ಗ್ರಂಥ ಬರುವುದಕ್ಕೆ ಇನ್ನೂ ಮೂವತ್ತು ವರ್ಷಗಳಿದ್ದಾಗಿನ ಮಾತಿದು! ಜೀವಜಾತಿಗಳು ಬದಲಾಗುವುದೇ ಇಲ್ಲವೆಂಬ ಕ್ಯುವಿಯೇಗೆ ಇದು ಸಹಿಸದಾಯಿತು.

1830ರಲ್ಲಿ ವಿಜ್ಞಾನ ಅಕಾಡೆಮಿಯಲ್ಲಿ ಇಬ್ಬರೂ ಬಹಿರಂಗವಾಗಿ ವಾದಿಸಿದರು. ಅಂದಿನ ವಿಷಯ ಮೊಸಳೆಯಲ್ಲ. ಎಲ್ಲ ಪ್ರಾಣಿಗಳ ರಚನೆಗೂ ಮೂಲವಿನ್ಯಾಸ ಒಂದೆಯೇ ಎಂಬುದು. ವಿವರಗಳಲ್ಲಿ ಕ್ಯುವಿಯೇಯದೇ ಮೇಲುಗೈ ಎಂದು ಬಹುಮಂದಿ ಭಾವಿಸಿದರು. 1832ರಲ್ಲಿ ಆತ ತೀರಿಕೊಂಡನು.

ಟೆಲಿಯೊಸಾರಸ್ ಘರಿಯಾಲಿನ ಪೂರ್ವಜನಲ್ಲ, ಪೂರ್ತಿ ಅಳಿದುಹೋದ ಬೇರೊಂದು ಕವಲೆಂದು ಇಂದು ತಿಳಿದಿದೆ. ಆದರೆ ಅದರ ದಾಯಾದಿಗಳಾದ ಮೆಟ್ರಿಯೊರಿಂಕಸ್ ಮೊದಲಾದವುಗಳಲ್ಲಿ ಆದ ಮಾರ್ಪಾಡು ನೋಡಿ: ಕಾಲುಗಳು ಹುಟ್ಟಿನಂತಾದವು, ಕವಚ ಮಾಯವಾಯಿತು, ಬಾಲದ ತುದಿ ಬಾಗಿ ಮೀನಿನ ರೆಕ್ಕೆಯಂತಾಯಿತು. ಜರ್ಮನಿಯ ಹೋಲ್ಟ್ಸ್‌ಮಾಡೆನ್‌ನಲ್ಲಿ ಇಂಥ ಕಡಲ ಮೊಸಳೆಗಳ ಮರಿಗಳೂ ದೊಡ್ಡವೂ ಸಿಕ್ಕಿರುವುದರಿಂದ, ಬೆಳೆಯುತ್ತ ಅಂಗಾಂಗಗಳ ಪ್ರಮಾಣ ಹೇಗೆ ಸಾಗಿತೆಂದು ಇಂದಿನ ವಿದ್ವಾಂಸರು ಅಳೆಯುತ್ತಾರೆ. ಜೊಫ್ರುವಾನ ಉತ್ತರ ತಪ್ಪು, ಪ್ರಶ್ನೆ ಮಾತ್ರ ಸರಿಯಾದದ್ದು ಎಂದೇ ನನ್ನ ಎಣಿಕೆ.

1840ರಲ್ಲಿ ಆತನ ಕಣ್ಣು ಹೋಯಿತು. ಮರುವರ್ಷ ಪೀಠವನ್ನು ಮಗ ಇಸಿದೋರನಿಗೆ ಬಿಟ್ಟುಕೊಟ್ಟು, 1844ರ ಜೂನ್ 19ರಂದು ಪ್ಯಾರಿಸಿನಲ್ಲಿಯೇ ಕಾಲವಾದನು.